ಗುಳಿಗೆ ಒಲ್ಲೆನೆಂದ ಗಿರಣಿ ಪೈಲವಾನ

ಮಂದಿಗೆ ಬಿಪಿ ಬಂದರೆ ಸುಮ್ಮನೆ ಬರುತ್ತದೆ. ನನಗೆ ಬಂದದ್ದು ಮಾತ್ರ ಬೆನ್ನಿಗೆ ನಾಲ್ಕಾರು ಫಜೀತಿ ಕಟ್ಟಿಕೊಂಡೇ ಬಂತು. ನನ್ನ ಹಣೆಬರಹವೇ ಹಾಗೆ, ನೆಗಡಿ ಬಂದರೂ ಅದಕ್ಕೊಂದು ಕತೆ ಹುಟ್ಟುತ್ತದೆ.

ನಾನು ಪುಣೆ ಕ್ಯಾಂಪಿನ ಒಂದು ಓಣಿಯಲ್ಲಿ ಹಿಟ್ಟಿನ ಗಿರಣಿ ಹಾಕಿ ಕೂತವನು. ಊರು ಗೋಕಾಕ ಕಡೆ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಗಿರಾಕಿಗಳ ಡಬ್ಬಿಯ ಮೇಲೆ ಸೀಮೆಸುಣ್ಣದಿಂದ ಹೆಸರು ಬರೆದು ಬರೆದೇ ಅಕ್ಷರ ಕಲಿತೆ. ಆದರೆ ಹರೆಯದಲ್ಲಿ ಕುಸ್ತಿ ಆಡಿದ ಮೈ ಇದು. ಗಿರಣಿಯ ಬೀಸುಕಲ್ಲನ್ನು ಮೂರು ಜನ ಸೇರಿ ಹೊತ್ತು ತಂದರು ಅಂತ ನನ್ನ ಹೆಂಡತಿ ಎಲ್ಲರಿಗೂ ಹೇಳುತ್ತಾಳೆ. ಅವಳಿಗೆ ಆವಾಗಿನಿಂದಲೂ ಕಣ್ಣು ಸರಿ ಕಾಣುವುದಿಲ್ಲ. ಆ ಮೂರೂ ಜನ ನಾನೇ.

ಗಿರಣಿಯ ಬಾಗಿಲ ಪಕ್ಕ ಒಂದು ಕಟ್ಟಿಗೆಯ ಪೆಟ್ಟಿಗೆ ಇದೆ. ಅದರ ಮೇಲೆ ನಾನು ಕೂರುವುದು, ಜೋಳ, ಗೋಧಿ ಬೀಸುವ ತನಕ ಕಾಯುವ ಮಂದಿಗೆ ನನ್ನ ಪರಾಕ್ರಮ ಹೇಳುವುದು, ಇಷ್ಟೇ ನನ್ನ ಸುಖ. ರಾಜನಿಗೆ ಸಿಂಹಾಸನ ಹೇಗೋ ನನಗೆ ಆ ಪೆಟ್ಟಿಗೆ ಹಾಗೆ. ಅದಕ್ಕೇ ಕುತ್ತು ಬಂದ ವರ್ಷದ ಮಾತು ಇದು.

ತೋಳು ತೋರಿಸಲು ಹೋಗಿ

ಹೆಂಡತಿಗೆ ಮೊಣಕಾಲು ನೋವು. ನಮ್ಮ ಹಿಂದಿನ ಓಣಿಯಲ್ಲಿ ಮಹಡಿಯ ಮೇಲೆ ಒಬ್ಬ ಡಾಕ್ಟರ್ ಬಾಯಿಯ ದವಾಖಾನೆ. ಧಾರವಾಡದ ಹೆಣ್ಣುಮಗಳು, ವಯಸ್ಸು ಸಣ್ಣದು, ಮಾತು ಚುರುಕು. ಕರೆದುಕೊಂಡು ಹೋದೆ. ಅವರು ಮೊದಲು ಇವಳ ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಉಂಡೆ ಒತ್ತಿ ಬಿಪಿ ನೋಡಿದರು. ಎಲ್ಲ ಸರಿ ಇತ್ತು.

ನನಗೆ ಸುಮ್ಮನಿರಲು ಆಗಬೇಕಲ್ಲ. "ಡಾಕ್ಟರ್ ಬಾಯಿ, ಇದು ಹೆಣ್ಮಕ್ಕಳ ಕೈಗೆ ಕಟ್ಟೂ ಪಟ್ಟಿ. ನನ್ನ ತೋಳಿಗೆ ಸುತ್ತಿ ನೋಡ್ರಿ, ಸಾಲಂಗಿಲ್ಲ" ಅಂದು ಅಂಗಿಯ ತೋಳು ಮಡಚಿದೆ.

ಪಟ್ಟಿ ಸಾಕಾಯಿತು. ಪಾದರಸಕ್ಕೆ ಕೊಳವೆ ಸಾಕಾಗಲಿಲ್ಲ.

ಅವರ ನಗು ನಿಂತಿತು. ಕೂರಿಸಿ ಮತ್ತೆ ನೋಡಿದರು. ಆ ವಾರ ಇನ್ನೆರಡು ಸಲ ಕರೆಸಿ ನೋಡಿದರು. ಕೊನೆಗೆ ಹೇಳಿದರು: "ಕಾಕಾ, ನಿಮಗ ಬಿಪಿ ಅದ."

"ನಮ್ಮ ಮನೆತನದಾಗ ಇಲ್ಲಿತನಕ ಯಾರೂ ಒಂದು ಗುಳಗಿ ನುಂಗಿಲ್ರಿ" ಅಂದೆ.

ಹೆಂಡತಿ ಹಿಂದಿನಿಂದ ಸಣ್ಣ ದನಿಯಲ್ಲಿ, "ಹೌದು, ನುಂಗಿಲ್ಲ. ಅದಕ್ಕ ನಿಮ್ಮಣ್ಣ ಹಾಸಗಿ ಹಿಡದಾರ" ಅಂದಳು.

ಅಣ್ಣನಿಗೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಅವನೂ ನನ್ನ ಹಾಗೆ ತೋಳು ತಟ್ಟುತ್ತಿದ್ದವನೇ. ಮಡಚಿದ ಅಂಗಿಯ ತೋಳನ್ನು ಮೆಲ್ಲಗೆ ಇಳಿಸಿಕೊಂಡೆ.

ಆಮೇಲೆ ಡಾಕ್ಟರ್ ಬಾಯಿ ಅಂದರು: "ಇನ್ನೂ ಭಾಳ ದೂರ ಹೋಗಿಲ್ಲ. ಈಗ ಆಷಾಢ, ದೀಪಾವಳಿ ತನಕ ಟೈಮ್ ಕೊಡತೀನಿ. ದಿನಾ ಮುಂಜಾನೆ ಜೋರ್ ನಡೀರಿ, ಉಪ್ಪು ಕಡಿಮಿ ಮಾಡ್ರಿ, ನಾ ಕರದಾಗ ಬಂದು ತೋರಸ್ರಿ. ಅಷ್ಟರಾಗ ಇಳದ್ರ ಛಲೋ. ಇಳೀದಿದ್ರ ಗುಳಗಿ. ಆವಾಗ ನನ್ನ ಜೋಡಿ ವಾದ ಮಾಡಂಗಿಲ್ಲ."

"ಇಳೀದಿದ್ರ ಗುಳಗೀನೂ ತಗೋಬೇಕು, ಗಿರಣೀನೂ ಅಳಿಯಗ ಬಿಟ್ಟು ಮನ್ಯಾಗ ಕೂಡಬೇಕು" ಅಂತ ಹೆಂಡತಿ ತನ್ನದೂ ಒಂದು ಸೇರಿಸಿದಳು. "ಆ ಪೆಟ್ಟಿಗಿ ಮ್ಯಾಲೆ ಕುಂತು ಒದರಿ ಒದರಿ ಬಿದ್ದೀರಂದ್ರ ನಾ ಏನ ಮಾಡಲಿ?"

ಗುಳಿಗೆಯ ಮಾತಿಗೆ ನಡುಗಲಿಲ್ಲ, ಪೆಟ್ಟಿಗೆಯ ಮಾತಿಗೆ ನಡುಗಿದೆ. ಆದರೂ ಮೆಟ್ಟಿಲು ಇಳಿಯುವಾಗ ಅವಳಿಗೆ ಧೈರ್ಯ ಹೇಳಲೇಬೇಕಲ್ಲ. "ಏನ ಅನ್ನು, ಈ ಓಣ್ಯಾಗ ನನ್ನಷ್ಟ ಎತ್ತರ ಪಾದರಸ ಏರಿಸಿದ ಗಂಡಸು ಇನ್ನೊಬ್ಬ ಇಲ್ಲ" ಅಂದೆ.

ಮನೆ ಮುಟ್ಟುವ ತನಕ ಅವಳು ನನ್ನ ಕೂಡ ನಡೆಯಲಿಲ್ಲ. ರಸ್ತೆಯ ಆ ಕಡೆಯಿಂದ ನಡೆದಳು.

ತಾಟಿನ ತುದಿಯ ಉಪ್ಪು

ನಮ್ಮ ಕಡೆ ಊಟಕ್ಕೆ ಕೂತರೆ ಮೊದಲು ತಾಟಿನ ತುದಿಗೆ ಚಿಟಿಕೆ ಉಪ್ಪು ಬಡಿಸುವ ಪದ್ಧತಿ. ಆಮೇಲೆ ಉಳಿದದ್ದು. ಡಾಕ್ಟರ್ ಬಾಯಿ ಉಪ್ಪು ಬಿಡಿ ಅಂದ ದಿನದಿಂದ ನಾನು ಆ ಚಿಟಿಕೆಯನ್ನು ಬೆರಳಿನಿಂದಲೂ ಮುಟ್ಟಲಿಲ್ಲ. ಊಟ ಮುಗಿದ ಮೇಲೆ ತಾಟು ಎತ್ತಿ ಹೆಂಡತಿಗೆ ತೋರಿಸುತ್ತಿದ್ದೆ. "ನೋಡು, ಹೆಂಗ ಬಡಸಿದ್ದಿ ಹಂಗ ಅದ." ಅವಳಿಗೂ ನನ್ನ ಮೇಲೆ ಹೆಮ್ಮೆ. ನೆರೆಮನೆಯವರನ್ನೂ ಕರೆದು ತೋರಿಸಿದಳು. ಅಷ್ಟು ದೊಡ್ಡ ತ್ಯಾಗ ಆ ವಠಾರದಲ್ಲಿ ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ.

ಶ್ರಾವಣದಲ್ಲಿ ತೋರಿಸಲು ಹೋದರೆ ಪಾದರಸ ಮೊದಲಿದ್ದಲ್ಲೇ ಇತ್ತು.

"ಕಾಕಾ, ಉಪ್ಪು ಬಿಟ್ಟೀರಿಲ್ಲೊ?"

"ಪೂರ್ತಿ ಬಿಟ್ಟೀನ್ರಿ. ನಮ್ಮಾಕೀನ್ನ ಕೇಳ್ರಿ."

"ಹೌದ್ರಿ ಡಾಕ್ಟರ್ ಬಾಯಿ, ಖರೇನ ಮುಟ್ಟೂದಿಲ್ರಿ" ಅಂತ ಇವಳ ಸಾಕ್ಷಿಯೂ ಆಯಿತು.

"ಮತ್ತ ರೊಟ್ಟಿ ಜೋಡಿ ಏನು?"

"ಶೇಂಗಾ ಹಿಂಡಿರಿ. ಅದು ಶೇಂಗಾದ್ದು."

"ಉಪ್ಪಿನಕಾಯಿ?"

"ಅದು ಕಾಯಿಪಲ್ಯದ ಲೆಕ್ಕದಾಗ ಬರತದಲ್ರಿ."

"ಹಪ್ಪಳ?"

"ಉದ್ದಿನದ್ರಿ."

"ಮಜ್ಜಿಗಿ ಮೆಣಸಿನಕಾಯಿ?"

"ಮಜ್ಜಿಗಿ ಮೈಗೆ ತಂಪಲ್ಲೇನ್ರಿ?"

ಡಾಕ್ಟರ್ ಬಾಯಿ ಹಣೆ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ನೋಡದೆ ಹೆಂಡತಿಗೆ ಹೇಳಿದರು: "ಮೌಶಿ, ಇವತ್ತಿನಿಂದ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಎಲ್ಲಾ ಅಟ್ಟದ ಮ್ಯಾಲ ಇಡ್ರಿ. ತಾಟಿನ ತುದಿ ಉಪ್ಪು ಅಷ್ಟ ಬಡಸ್ರಿ. ಅದನ್ನಂತೂ ಅವರು ಮುಟ್ಟೂದಿಲ್ಲ."

ಸೋತ ಕುದುರೆ

ನಡೆಯಲು ನಾನು ಆರಿಸಿಕೊಂಡದ್ದು ರೇಸ್‌ಕೋರ್ಸ್ ಮೈದಾನ. ಕ್ಯಾಂಪಿನ ಮುದುಕರೆಲ್ಲ ಬೆಳಿಗ್ಗೆ ಅಲ್ಲೇ ಸುತ್ತುವುದು. ಉಳಿದವರು ಗಾಳಿ ಕುಡಿಯುತ್ತ ನಡೆಯುತ್ತಿದ್ದರು, ನಾನು ಗಾಳಿ ಎಬ್ಬಿಸುತ್ತ ನಡೆಯುತ್ತಿದ್ದೆ. ಆ ವರ್ಷ ನಾನು ತುಳಿದ ಜಾಗದಲ್ಲಿ ಮುಂದೆ ಹುಲ್ಲು ಬೆಳೆಯಲಿಲ್ಲ ಅಂತ ಮಾಲಿ ಇವತ್ತಿಗೂ ಗೊಣಗುತ್ತಾನೆ.

ಒಂದು ದಿನ ಎದುರಿಗೆ ರೇಸಿನ ಕುದುರೆ. ಕಂದು ಬಣ್ಣ, ಕನ್ನಡಿಯ ಹಾಗೆ ಮೈ. ಲಗಾಮು ಹಿಡಿದು ಒಬ್ಬ ಅದನ್ನು ನಡೆಸಿಕೊಂಡು ಹೋಗುತ್ತಿದ್ದ. ನನಗೆ ಹುರುಪು ಬಂತು. ಧೋತರ ಎತ್ತಿ ಕಟ್ಟಿದೆ, ಹೆಜ್ಜೆ ಹಾಕಿದೆ, ಸರಕ್ಕನೆ ಅದನ್ನು ಹಿಂದೆ ಹಾಕಿದೆ. ಹಿಂತಿರುಗಿ ನೋಡಿದರೆ ಕುದುರೆ ನಾಚಿಕೆಯಿಂದ ತಲೆ ತಗ್ಗಿಸಿತ್ತು.

ಇದನ್ನು ಗಿರಣಿಯಲ್ಲಿ ಹೇಳದೆ ಇರಲು ಆಗುತ್ತದೆಯೇ? ಸೋಮವಾರ ಹೇಳಿದಾಗ ಕುದುರೆ ನಡೆಯುತ್ತಿತ್ತು. ಬುಧವಾರ ಓಡುತ್ತಿತ್ತು. ಶುಕ್ರವಾರ ಅದರ ಮೇಲೆ ಸವಾರನೂ ಇದ್ದ, ಚಾಬೂಕೂ ಇತ್ತು. ಗಿರಣಿಯ ಹಿಂದಿನ ನಮ್ಮ ಮನೆಯೊಳಗಿನಿಂದ ಹೆಂಡತಿ, "ಅದರ ಕಾಲಿಗೆ ಪಟ್ಟಿ ಕಟ್ಟಿದ್ರಂತಲ್ಲ, ಅದನ್ನೂ ಹೇಳ್ರಿ" ಅಂದಳು. "ಅದು ಶೃಂಗಾರಕ್ಕ ಕಟ್ಟಿದ್ದು, ನಿನಗ ತಿಳಿಯೂದಿಲ್ಲ" ಅಂದೆ.

ಆ ಶುಕ್ರವಾರವೇ ನನ್ನ ಗ್ರಹಚಾರಕ್ಕೆ ಹಿಟ್ಟಿನ ಸರದಿಯಲ್ಲಿ ನಿಂತಿದ್ದ ಒಬ್ಬ ಮುಂದೆ ಬಂದ. ನೋಡಿದರೆ ಅದೇ ಲಗಾಮು ಹಿಡಿದವನು. ಪೂರ್ತಿ ಕತೆ ಕೇಳಿದ್ದ. ಎಲ್ಲರೆದುರು ಮರಾಠಿಯಲ್ಲಿ ಭಾಳ ಮರ್ಯಾದೆಯಿಂದ ಹೇಳಿದ: "ಕಾಕಾ, ಅದರ ಕಾಲು ಉಳುಕಿತ್ತು. ಅದೂ ಇರಲಿ. ನೀವು ಮುಂದೆ ಹೋದಾಗ ಅದು ಲದ್ದಿ ಹಾಕಲು ನಿಂತಿತ್ತು."

ಗಿರಣಿ ತುಂಬ ನಗು. ನಾನು ಬಿಡುತ್ತೇನೆಯೇ? "ನೋಡ್ರಿ, ಸೋತ ಕುದುರೆಗೆ ಎಂಥೆಂಥಾ ನೆಪ" ಅಂದೆ.

ಇರಾಣಿ ಹೋಟೆಲಿನ ದವಾಖಾನೆ

ಮೈದಾನದಲ್ಲಿ ನನ್ನ ಜೊತೆ ನಡೆಯುವ ನಾಲ್ಕೈದು ಮುದುಕರ ಒಂದು ಗುಂಪಾಯಿತು. ನಡೆದು ಮುಗಿಸಿ ಎಲ್ಲರೂ ಇರಾಣಿ ಹೋಟೆಲಿಗೆ ಹೋಗುವ ರೂಢಿ. ಅಲ್ಲಿ ಬೆಣ್ಣೆ ಮೆತ್ತಿದ ಬನ್ನು, ದಪ್ಪ ಹಾಲಿನ ಚಹಾ, ಉಪ್ಪು ಉದುರಿಸಿದ ಆಮ್ಲೆಟ್. ಅದನ್ನು ತಿನ್ನುತ್ತ ಯಾರು ಏನು ಪಥ್ಯ ಮಾಡುತ್ತಿದ್ದೇವೆ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು.

ಒಂದು ಬೆಳಿಗ್ಗೆ ನಮ್ಮ ಡಾಕ್ಟರ್ ಬಾಯಿ ಬ್ರೆಡ್ ಒಯ್ಯಲು ಅಲ್ಲಿಗೇ ಬಂದರು. ನಾನು ಬನ್ನನ್ನು ಟೋಪಿಯ ಕೆಳಗೆ ಮುಚ್ಚಿದೆ. ಪಕ್ಕದವರನ್ನು ನೋಡಿದರೆ ಅವರೂ ಆಮ್ಲೆಟ್ ತಟ್ಟೆಯ ಮೇಲೆ ಪೇಪರು ಹರಡುತ್ತಿದ್ದಾರೆ. ಇನ್ನೊಬ್ಬರು ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೈ ಮುಗಿದರು. ಆವಾಗ ತಿಳಿಯಿತು, ಟೇಬಲ್ಲಿನ ಅಷ್ಟೂ ಮಂದಿ ಅವರದೇ ಪೇಶಂಟುಗಳು.

ಅವರು ಟೇಬಲ್ಲನ್ನು ಒಂದು ಸುತ್ತು ನೋಡಿದರು. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಇರಾಣಿಗೆ ಹೇಳಿದರು: "ಸೇಠ್, ಈ ಟೇಬಲ್ ಪಕ್ಕ ನನಗೊಂದು ಕುರ್ಚಿ ಹಾಕಿಸಿ. ನಾಳೆಯಿಂದ ದವಾಖಾನೆ ಇಲ್ಲೇ ತೆರೆಯುತ್ತೇನೆ."

ಅಲ್ಲಿಗೆ ಬನ್ನು ಬಿಟ್ಟಿತು. ಬರೇ ನಡಿಗೆ ಉಳಿಯಿತು.

ಬೀಗರ ಮನೆಯ ಓಡುವ ಪಟ್ಟಿ

ನಾವು ಮಗಳನ್ನು ಕೊಟ್ಟ ಮನೆಯ ಬೀಗರು ಮಗರಪಟ್ಟಾದಲ್ಲಿ ಎತ್ತರದ ಬಿಲ್ಡಿಂಗಿನಲ್ಲಿ ಇರುತ್ತಾರೆ. ಬ್ಯಾಂಕಿನಿಂದ ರಿಟೈರ್ ಆದವರು, ಮಾತು ತೂಗಿ ತೂಗಿ ಆಡುವವರು. ಅವರಿಗೆ ಬಿಪಿ ಹಳೆಯದು. ಒಂದು ಸಂಜೆ ಅವರ ಮನೆಗೆ ಹೋದಾಗ ಖಾನೆ ಖಾನೆ ಇರುವ ಡಬ್ಬಿಯಿಂದ ಗುಳಿಗೆ ತೆಗೆದು, "ಬೀಗರ, ಡಾಕ್ಟರ್ ಕೊಟ್ರ ತಗೋರಿ. ನಾ ತಗೊಂಡು ಆರಾಮ ಅದೀನಿ. ಇದರಾಗ ನಾಚಿಕಿ ಏನ ಅದ?" ಅಂದರು.

ಮಾತು ಖರೆ. ಆದರೆ ಬೀಗರ ಬಾಯಿಂದ ಬಂದ ಖರೆ ಮಾತು ಗಂಟಲಲ್ಲಿ ಇಳಿಯುತ್ತದೆಯೇ? "ನನಗ ಅದರ ಗರಜ್ ಬೀಳೂದಿಲ್ರಿ" ಅಂದೆ.

"ಹಂಗಾದ್ರ ಇದನ್ನ ನೋಡ್ರಿ" ಅಂತ ಒಳಗೆ ಕರೆದುಕೊಂಡು ಹೋದರು. ಅವರ ಮಗ ತಂದ ಮಷೀನು. ನೆಲದ ಮೇಲೆ ರಬ್ಬರಿನ ಪಟ್ಟಾ, ಬಟನ್ ಒತ್ತಿದರೆ ಅದು ಹಿಂದೆ ಓಡುತ್ತದೆ, ನಾವು ಅದರ ಮೇಲೆ ಮುಂದೆ ನಡೆಯಬೇಕು. ನಮ್ಮ ಗಿರಣಿಯ ಪಟ್ಟಾದ ತಮ್ಮನ ಹಾಗಿತ್ತು. ಹಿಡಿಕೆಯ ಮೇಲೆ ಬೀಗಿತ್ತಿಯ ಎರಡು ಸೀರೆ ಒಣಗುತ್ತಿದ್ದವು.

"ನಲವತ್ತು ವರ್ಷ ಪಟ್ಟಾ ಜೋಡಿ ಬಾಳೇವು ಮಾಡಿದಾಂವ ನಾನು" ಅಂದು ಹತ್ತಿದೆ. ಬೀಗರು ಬಟನ್ ಒತ್ತಿದರು. ಮೊದಲು ಎಲ್ಲ ಸುಸೂತ್ರ. ಆಮೇಲೆ ನನ್ನ ಧೋತರದ ಅಂಚು ಹಿಂದಿನ ಸಂದಿಯಲ್ಲಿ ಸಿಕ್ಕಿತು. ಪಟ್ಟಾ ಅದನ್ನು ನಿಧಾನವಾಗಿ ಒಳಗೆ ಎಳೆಯತೊಡಗಿತು. ನಿಂತರೆ ನಾನು ಹಿಂದೆ ಬೀಳಬೇಕು, ನಡೆದರೆ ಧೋತರ ಬಿಚ್ಚಬೇಕು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಮಾನ ಹಿಡಿದುಕೊಂಡು ಓಡತೊಡಗಿದೆ.

ಬೀಗರಿಗೆ ಏನೂ ಕಾಣಲಿಲ್ಲ. "ಭಲೆ ಬೀಗರ! ಈ ವಯಸ್ಸಿನಾಗ ಏನ ಓಡತೀರಿ! ಇನ್ನಷ್ಟು ಜೋರ್ ಮಾಡ್ಲ್ಯಾ?" ಅಂತ ಇನ್ನೊಂದು ಬಟನ್ ಒತ್ತಿದರು. ಅಷ್ಟರಲ್ಲಿ ಬೀಗಿತ್ತಿ ಚಹಾದ ತಾಟು ಹಿಡಿದು ಬರುವ ಬಳೆಯ ಸಪ್ಪಳ ಕೇಳಿತು. ಬೀಗಿತ್ತಿಯ ಎದುರು ಧೋತರ ಹೋದರೆ ನಾನು ಪುಣೆ ಬಿಡುವುದಲ್ಲ, ಭೂಮಿಯನ್ನೇ ಬಿಡಬೇಕು. ಕುಲದೇವರನ್ನು ನೆನೆದೆ.

ಲೈಟ್ ಹೋಯಿತು.

ಆ ವರ್ಷಗಳಲ್ಲಿ ಲೋಡ್‌ಶೆಡ್ಡಿಂಗ್‌ಗೆ ಬೈಯದ ಗಿರಣಿಯವನು ಇಡೀ ಮಹಾರಾಷ್ಟ್ರದಲ್ಲಿ ಇರಲಿಲ್ಲ. ಕೈ ಮುಗಿದವನು ನಾನೊಬ್ಬನೇ. ಕತ್ತಲೆಯಲ್ಲಿ ಧೋತರ ಹರಿದು ಬಿಡಿಸಿಕೊಂಡು, ಒಣಗಿದ ಒಂದು ಸೀರೆಯನ್ನು ಲುಂಗಿಯ ಹಾಗೆ ಸೊಂಟಕ್ಕೆ ಸುತ್ತಿಕೊಂಡು ಕೂತೆ. ಬೀಗಿತ್ತಿ ಮೇಣದಬತ್ತಿ ಹಚ್ಚಿ ಚಹಾ ಕೊಟ್ಟು, ನನ್ನ ಸೊಂಟ ನೋಡಿ ಅಂದರು: "ಇರಲಿ, ಉಟಗೊಂಡ ಹೋಗ್ರಿ ಅಣ್ಣಾರ. ಬೀಗರಿಗೆ ಬಟ್ಟಿ ಆಹೇರಿ ಮಾಡಬೇಕಂತ ಮಾಡಿದ್ದೆ, ಆದ್ರ ಸೀರಿ ಅಂತ ಅನಕೊಂಡಿರಲಿಲ್ಲ."

ದೀಪಾವಳಿಯ ಕಣ

ದೀಪಾವಳಿ ಬಂತು. ಒಳಗೊಳಗೆ ನನಗೆ ಗೊತ್ತಿತ್ತು, ಮೈ ಹಗುರಾಗಿತ್ತು. ಹಿಟ್ಟಿನ ಡಬ್ಬಿ ಎತ್ತಿದರೆ ಏದುಸಿರು ಬರುತ್ತಿರಲಿಲ್ಲ. ಆದರೆ ಹೆಂಡತಿ ಆಗಲೇ ಅಳಿಯನಿಗೆ ಮಾತು ಮುಟ್ಟಿಸಿದ್ದಳು. ಅವನು ಒಂದು ದಿನ ಬಂದು ನನ್ನ ಪೆಟ್ಟಿಗೆಯ ಮೇಲೆ ಕೂತೂ ನೋಡಿ ಹೋಗಿದ್ದ. ಅದನ್ನು ಕಂಡ ಮೇಲೆ ನನ್ನ ಬಾಯಿಗೆ ರುಚಿ ಇಲ್ಲ.

ದವಾಖಾನೆಗೆ ಹೋದೆವು. ಹೆಂಡತಿ ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ನಾನು ಮೇಲೆ ಮುಟ್ಟಿದ್ದೆ. ಕುಸ್ತಿ ಆಡಿದವರಿಗೆ ಗೊತ್ತಿರುತ್ತದೆ, ಕಣಕ್ಕೆ ಇಳಿಯುವ ಮುಂಚೆ ಮೈ ಬೆಚ್ಚಗೆ ಮಾಡಿಕೊಳ್ಳದವನು ಮಣ್ಣು ಮುಕ್ಕುತ್ತಾನೆ. ಇದಕ್ಕಿಂತ ದೊಡ್ಡ ಕಣ ನನಗೆ ಯಾವುದಿತ್ತು? ದವಾಖಾನೆಯ ಬಾಗಿಲ ಹೊರಗೆ, ಮೆಟ್ಟಿಲಿನ ಹತ್ತಿರ ಧೋತರ ಕಚ್ಚೆ ಬಿಗಿದು, ತೊಡೆ ತಟ್ಟಿ, ಒಂದೇ ದಮ್ಮಿನಲ್ಲಿ ಕೂತು ಎದ್ದು, ಕೂತು ಎದ್ದು ಬೈಠಕ್ ಹೊಡೆದೆ. ಬೆವರು ಒರೆಸಿಕೊಂಡು ಒಳಗೆ ಹೋಗಿ ತೋಳು ಚಾಚಿದೆ.

ಪಾದರಸ ಆಷಾಢಕ್ಕಿಂತಲೂ ಮೇಲೆ ಹೋಯಿತು.

ಡಾಕ್ಟರ್ ಬಾಯಿಯ ಮುಖ ಬಾಡಿತು. "ಕಾಕಾ, ನಾ ಭಾಳ ಆಶಾ ಇಟ್ಟಿದ್ದೆ" ಅಂದು ಚೀಟಿ ತೆಗೆದು ಪೆನ್ನು ಹಿಡಿದರು. ಹೆಂಡತಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಅವಳು ಗೋಡೆ ನೋಡುತ್ತಿದ್ದಳು, ಆದರೆ ಕಾಣುತ್ತಿದ್ದದ್ದು ಹಾಸಿಗೆ ಹಿಡಿದ ನಮ್ಮಣ್ಣ ಅಂತ ನನಗೆ ತಿಳಿಯಿತು. ನಡೆದದ್ದೆಲ್ಲ ನೀರಾಯಿತು, ಪೆಟ್ಟಿಗೆ ಹೋಯಿತು, ಇನ್ನು ಮನೆಯಲ್ಲಿ ಕೂತು ಯಾರಿಗೆ ಏನು ಹೇಳಲಿ?

ಅಷ್ಟರಲ್ಲಿ ಹೊರಗೆ ಸರದಿಯಲ್ಲಿ ಕೂತಿದ್ದ ಒಬ್ಬ ಮರಾಠಿ ಅಜ್ಜಿ ಪರದೆ ಸರಿಸಿ ತಲೆ ಹಾಕಿದಳು. "ಡಾಕ್ಟರ್, ಆ ಪೈಲವಾನನ ಬೈಠಕ್ ಮುಗಿದವೇನು? ಇನ್ನೂ ಹೊಡೆಯುವುದಿದ್ದರೆ ಕೆಳಗೆ ಹೋಗಲು ಹೇಳಿ. ಮೆಟ್ಟಿಲು ನಡುಗಿ ನನಗೆ ತಲೆ ತಿರುಗುತ್ತಿದೆ."

ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟರು. "ಕಾಕಾ, ಬೈಠಕ್ ಹೊಡದು ಬಂದ್ರೇನು?"

"ಮತ್ತ? ತಯಾರಿ ಇಲ್ಲದ ಕಣಕ್ಕ ಇಳೀಲೇನ್ರಿ?"

ಅವರು ನಗಬೇಕೋ ಅಳಬೇಕೋ ತಿಳಿಯದೆ ನನ್ನನ್ನು ಬೆನ್ನು ಆನಿಸಿ ಕುರ್ಚಿಯಲ್ಲಿ ಕೂರಿಸಿದರು. "ಸ್ವಲ್ಪ ಹೊತ್ತು ಹಿಂಗ ಕೂಡ್ರಿ. ಅಲುಗಾಡಬ್ಯಾಡ್ರಿ, ಮಾತಾಡಬ್ಯಾಡ್ರಿ." ರೇಸ್‌ಕೋರ್ಸ್ ಸುತ್ತುವುದು ಸುಲಭ, ಇದು ಕಠಿಣ. ಆದರೂ ಪೆಟ್ಟಿಗೆಯ ಮೇಲಿನ ಆಸೆಯಿಂದ ತುಟಿ ಹೊಲಿದುಕೊಂಡು ಕೂತೆ. ಬೆವರು ಆರಿತು. ಪಟ್ಟಿ ಕಟ್ಟಿದರು, ಉಂಡೆ ಒತ್ತಿದರು, ಬಿಟ್ಟರು. ಒಂದಿಷ್ಟು ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿದರು.

"ಇಳದದ, ಕಾಕಾ" ಅಂದರು. "ಛಲೋ ಇಳದದ. ಸದ್ಯಕ್ಕ ಗುಳಗಿ ಬ್ಯಾಡ. ನಡಿಯೂದು, ಉಪ್ಪಿನ ಪಥ್ಯ ಬಿಡಂಗಿಲ್ಲ. ತಿಂಗಳಾ ಬಂದು ತೋರಸ್ರಿ. ಮತ್ತ ಏರಿದ್ರ ಆವಾಗ ಗುಳಗಿ."

ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಖುಷಿ ತಡೆಯಲಾಗಲಿಲ್ಲ, ತೋಳಿನ ಪಟ್ಟಿ ಬಿಚ್ಚುವ ಮೊದಲೇ ಶುರು ಮಾಡಿದೆ: "ಗೊತ್ತಿತ್ತು ನನಗ. ಒಂದ ಸಲ ಏನಾತಂದ್ರ, ಗೋಕಾಕದ ಕಣದಾಗ ಒಬ್ಬ ಪೈಲವಾನ ಬಂದಿದ್ದ, ಆನಿಯಂಥಾಂವ..."

ಡಾಕ್ಟರ್ ಬಾಯಿಗೂ ಏನು ಮೋಜು ಅನ್ನಿಸಿತೋ, ಉಂಡೆ ಮತ್ತೆ ಒತ್ತಿದರು. "ಹೇಳ್ರಿ ಕಾಕಾ, ಮುಂದ?" ನಾನು ಆ ಆನೆಯಂಥವನ ಸೊಂಟ ಹಿಡಿದೆ, ಎತ್ತಿದೆ, ಕಣದ ಆಚೆ ಒಗೆದೆ. ಅವರು ಪಾದರಸ ನೋಡಿದರು. ಮೇಲೆ ಹೋಗಿತ್ತು. "ಈಗ ಸುಮ್ಮನ ಕೂಡ್ರಿ." ಸುಮ್ಮನಾದೆ. ಇನ್ನೊಮ್ಮೆ ನೋಡಿದರೆ ಕೆಳಗೆ. "ನೋಡ್ರಿ ಮೌಶಿ, ಬಿಪಿ ನೋಡೂ ಮುಂದ ಮಾತಾಡಿದ್ರ ಯಾರದಾದ್ರೂ ಸ್ವಲ್ಪ ಏರತದ. ಅದಕ್ಕ ಸುಮ್ಮನ ಕೂಡಬೇಕು ಅಂತೀವಿ" ಅಂತ ಅವರು ತಿಳಿಸಿ ಹೇಳಿದರು.

ಹೆಂಡತಿ ಅದನ್ನು ಕೇಳಲೇ ಇಲ್ಲ. ಅವಳ ಕಣ್ಣು ಆ ಕೊಳವೆಯ ಮೇಲೆ ನೆಟ್ಟಿತ್ತು. ಲಗ್ನವಾಗಿ ಇಷ್ಟು ವರ್ಷ ಹುಡುಕಿದ್ದು ಸಿಕ್ಕ ಹಾಗೆ ಮುಖ ಬೆಳಗಿತ್ತು.

"ಡಾಕ್ಟರ್ ಬಾಯಿ" ಅಂದಳು, "ಸುಳ್ಳ ಹೇಳಿದ್ರ ಏರೂ ಈ ಮಷೀನು ಎಲ್ಲಿ ಸಿಗತದ್ರಿ?"

ಅದು ಈಗ ನಮ್ಮ ಗಿರಣಿಯಲ್ಲಿದೆ, ಪೆಟ್ಟಿಗೆಯ ಪಕ್ಕದ ಗೂಡಿನಲ್ಲಿ. ಡಾಕ್ಟರ್ ಬಾಯಿಯೇ ಅವಳಿಗೆ ನೋಡುವುದನ್ನು ಕಲಿಸಿಕೊಟ್ಟರು. ಪೆಟ್ಟಿಗೆ ನನಗೆ ಉಳಿಯಿತು, ಅಳಿಯ ತನ್ನ ದಾರಿ ಹಿಡಿದ. ಆದರೆ ನಾನು ಬಾಯಿ ತೆರೆದು "ಒಂದ ಸಲ ಏನಾತಂದ್ರ" ಅಂದೆನೋ ಇಲ್ಲವೋ, ಜೋಳದ ಡಬ್ಬಿ ಹಿಡಿದ ಹೆಂಗಸರೆಲ್ಲ ಒಳಗೆ ಕೂಗುತ್ತಾರೆ: "ಮೌಶಿ, ಶುರು ಆತ್ರಿ. ಪಟ್ಟಿ ತಗೊಂಡು ಬರ್ರಿ."

ಅದಕ್ಕೇ ನಾನು ಈಚೆಗೆ ಹೇಳುವುದು ಬಿಟ್ಟು ಬರೆಯಲು ಹಿಡಿದಿದ್ದೇನೆ. ಬರೆಯುವ ಕೈಗೆ ಪಟ್ಟಿ ಕಟ್ಟಲು ಬರುವುದಿಲ್ಲ.